ಹೆಣದ ಕ್ಯಾಮೆರಾ

ಕ್ಯಾಮೆರಾ ನಾರತೊಡಗಿದರೆ ಬೈಲಹೊಂಗಲದ ಸದಾಶಿವನ ಮನೆಗೆ ಒಯ್ಯಬೇಕು. ಕಿತ್ತೂರು, ಸವದತ್ತಿ, ರಾಮದುರ್ಗದ ಸ್ಟುಡಿಯೋದವರೆಲ್ಲ ಸೆಕೆಂಡ್ ಹ್ಯಾಂಡ್ ತಗೊಂಡ ಕ್ಯಾಮೆರಾ, ಲೆನ್ಸು, ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಇವನಿಗೆ ಕಳಿಸುತ್ತಾರೆ. ಅಷ್ಟೆಲ್ಲ ಉಪಕಾರ ಮಾಡಿಸಿಕೊಂಡು ಅವನಿಗೆ ಇಟ್ಟ ಹೆಸರು ಏನು ಗೊತ್ತೇ? ವಾಸನಿ ಸದಾಶಿವ. ನಾತ ತೆಗೆಯುವವನಿಗೆ ನಾತದ ಹೆಸರನ್ನೇ ಅಂಟಿಸುವ ಜಾಣತನವನ್ನು ನಮ್ಮ ಜನಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹಳೆಯ ಕ್ಯಾಮೆರಾಕ್ಕೆ ಹಿಂದಿನ ಯಜಮಾನನ ಬದುಕೆಲ್ಲ ಮೆತ್ತಿಕೊಂಡಿರುತ್ತದೆ. ಬೀಡಿ ಸೇದುವವನ ಕ್ಯಾಮೆರಾ ಬೀಡಿ ನಾರುತ್ತದೆ. ಕಪಾಟಿನ ಸೀರೆಗಳ ನಡುವೆ ಮಲಗಿದ್ದು ಡಾಂಬರು ಗುಳಿಗೆ ನಾರುತ್ತದೆ. ಮಳೆಗಾಲದಲ್ಲಿ ಮುಚ್ಚಿಟ್ಟದ್ದು ಬೂಸಲು, ಹೊಟ್ಟಿನ ಚೀಲದ ಪಕ್ಕ ಇಟ್ಟದ್ದು ಇಲಿಯ ಉಚ್ಚೆ. ಇನ್ನು ಖಂಡೇನವಮಿಯ ಆಯುಧಪೂಜೆಯ ಕಥೆ ಕೇಳಲೇಬೇಡಿ. ವರ್ಷವಿಡೀ ಲೆನ್ಸಿಗೆ ಬೆರಳು ತಾಗಿಸದ ಮನುಷ್ಯ ಆ ದಿನ ಭಕ್ತಿ ಉಕ್ಕಿ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಮೇಲೆ ತೆಂಗಿನಕಾಯಿಯ ನೀರನ್ನೂ ಹೊಯ್ಯುತ್ತಾನೆ. ಆಮೇಲೆ ಅದು ಹುಳಿನಾತ ಬಿಡತೊಡಗಿದಾಗ ಕಂಪನಿಯವರನ್ನು ಬೈಯುತ್ತಾನೆ. ರಾಮದುರ್ಗಕ್ಕೆ ಹೊಳೆ ನುಗ್ಗಿದ ವರ್ಷವಂತೂ ಸದಾಶಿವನ ಮನೆ ತುಂಬ ಕೆಸರುನಾತದ ಚೀಲಗಳೇ.

ಅವನ ಕೆಲಸದಲ್ಲಿ ಮಂತ್ರ ಮಾಯ ಏನೂ ಇಲ್ಲ. ಚೀಲವಾದರೆ ಅದರ ಸ್ಪಂಜನ್ನು ಕಿತ್ತು ಒಗೆದು, ಬೆಳಗಿನ ಬಿಸಿಲಿಗೆ ಹಾಕುತ್ತಾನೆ. ಕ್ಯಾಮೆರಾ ಆದರೆ ಹಿಡಿಯುವಲ್ಲಿನ ರಬ್ಬರನ್ನು ಬಿಡಿಸಿ, ಹತ್ತಿಗೆ ಒಂದು ಹನಿ ಸ್ಪಿರಿಟ್ ಮುಟ್ಟಿಸಿ ಸಂದಿಸಂದಿ ಒರೆಸುತ್ತಾನೆ. ಆಮೇಲೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಇದ್ದಿಲ ಚೂರು ಮತ್ತು ಅಡಿಗೆ ಸೋಡಾದ ಗಂಟುಗಳ ನಡುವೆ ಇಟ್ಟು ಸುಮ್ಮನೆ ಕಾಯುತ್ತಾನೆ. ಸೆಂಟ್ ಹೊಡೆದು ತಂದವರನ್ನು ಕಂಡರೆ ಮಾತ್ರ ಅವನ ಪಿತ್ತ ನೆತ್ತಿಗೇರುತ್ತದೆ. "ನಾತದ ಮ್ಯಾಲೆ ಸೆಂಟ್ ಹೊಡದ್ರ ಎರಡು ನಾತ ಆಗತಾವ ಹೊರತು ಒಂದೂ ಹೋಗೂದಿಲ್ಲ" ಎಂದು ಗದರುತ್ತಾನೆ.

ಹೀಗೆ ಊರವರ ಕ್ಯಾಮೆರಾದ ನಾತ ತೆಗೆಯುವ ಸದಾಶಿವನಿಗೆ ತನ್ನ ಸ್ವಂತ ಕ್ಯಾಮೆರಾದ ನಾತ ಮಾತ್ರ ಗೊತ್ತಾಗಿರಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವನ ತಂದೆ ಹತ್ತಿಯ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದವ. ಗೋಡೆಯ ಮೇಲೆ ಬುದ್ಧನದೂ ಬಾಬಾಸಾಹೇಬರದೂ ಫೋಟೋ ಹಾಕಿ, ಮಗನಿಗೆ ಚೀಲ ಹೊರುವ ಕೆಲಸ ಬೇಡ ಎಂದು ಹಟ ಹಿಡಿದವ. ಆ ಹಟದಿಂದಲೇ ಸದಾಶಿವ ಪೇಟೆಯ ಸಿದ್ಧಾರೂಢ ಸಾಹುಕಾರನ ಸ್ಟುಡಿಯೋ ಸೇರಿದ. ಕಸ ಹೊಡೆಯುತ್ತ, ಪ್ರಿಂಟು ತೊಳೆಯುತ್ತ, ಕಳ್ಳಗಣ್ಣಿನಿಂದ ನೋಡುತ್ತ ಫೋಟೋ ಹೊಡೆಯುವುದನ್ನು ಕಲಿತ. ಸಿದ್ಧಾರೂಢನಿಗಿಂತ ಚೆನ್ನಾಗಿಯೇ ಕಲಿತ.

ಆ ಸ್ಟುಡಿಯೋದಲ್ಲಿ ಎರಡು ಕ್ಯಾಮೆರಾ ಇರುತ್ತಿದ್ದವು. ಹೊಸದು ಲಗ್ನಕ್ಕೆ, ಹಳೆಯದು ಸಾವಿಗೆ. ಹೊಸದು ಹಳತಾದಂತೆ ಸಾವಿನ ಪಾಲಿಗೆ ಬರುತ್ತಿತ್ತು. ಸಾವಿಗೆ ಹೋದದ್ದನ್ನು ಮತ್ತೆ ಲಗ್ನಕ್ಕೆ ಒಯ್ಯುವ ಮಾತೇ ಇಲ್ಲ. ಈ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ಹೊಸ ಧೋತರ ಉಡಿಸಿ, ರುಮಾಲು ಸುತ್ತಿ, ವಿಭೂತಿ ಹಚ್ಚಿ, ಕೊರಳು ಮುಚ್ಚುವಷ್ಟು ಹಾರ ಹಾಕುತ್ತಾರೆ. ಮುಂದೆ ಕಟ್ಟುಗಟ್ಟಲೆ ಊದುಬತ್ತಿ, ಕಣ್ಣು ಬಿಡಲಾಗದಷ್ಟು ಲೋಬಾನದ ಹೊಗೆ. ಸುತ್ತಲೂ ಮನೆಮಂದಿ ಕೂತ ಮೇಲೆ ಒಂದು ಫೋಟೋ. ಹೆಣದ ಕತ್ತು ನಿಲ್ಲುವುದಿಲ್ಲ, ಗದ್ದ ಎದೆಗೆ ಬಂದು ಬೀಳುತ್ತದೆ. ಅದನ್ನು ಎತ್ತಿ ಹಿಡಿಯಲು ಮಕ್ಕಳು ಮೊಮ್ಮಕ್ಕಳು ಹಿಂದೆ ಸರಿಯುತ್ತಾರೆ. ಆಗ ಫೋಟೋದವನೇ ಮುಂದೆ ಹೋಗಿ, ಗದ್ದ ಎತ್ತಿ, ರುಮಾಲಿನ ಚುಂಗನ್ನು ಹಿಂದಿನ ಮೊಳೆಗೆ ಬಿಗಿದು ನಿಲ್ಲಿಸಬೇಕು. ಮುಚ್ಚಿದ ಕಣ್ಣನ್ನು ಆಮೇಲೆ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮೇಲೆ ತೆರೆಸುತ್ತಾರೆ.

ಆ ಕೆಲಸಕ್ಕೆ ಯಾವಾಗಲೂ ಸದಾಶಿವನೇ. "ನಿನಗ ಧೈರ್ಯ ಭಾಳ ಐತಿ ಮಾರಾಯಾ, ಉಳದವ್ರು ಹೆದರತಾರ" ಎಂದು ಸಿದ್ಧಾರೂಢ ಬೆನ್ನು ತಟ್ಟುತ್ತಿದ್ದ. ಧೈರ್ಯವಂತೆ! ಖರೆ ಕಾರಣ ಇಬ್ಬರಿಗೂ ಗೊತ್ತಿತ್ತು. ಲಗ್ನದ ಮನೆಯಲ್ಲಿ ಫೋಟೋದವನು ದೇವರ ಕೋಣೆಗೆ ಹೋಗಬೇಕು, ಮದುಮಗಳ ಹತ್ತಿರ ನಿಲ್ಲಬೇಕು, ಪಂಕ್ತಿಯಲ್ಲಿ ಉಣ್ಣಬೇಕು. ಅಲ್ಲಿ ಯಾರಾದರೂ "ನೀವು ಯಾವ ಪೈಕಿ?" ಎಂದು ಕೇಳಿಯೇ ಕೇಳುತ್ತಾರೆ. ಸಾವಿನ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬದುಕಿದ್ದಾಗ ಇವನ ಬೊಗಸೆಗೆ ಮೇಲಿನಿಂದ ನೀರು ಹೊಯ್ದ ಗೌಡ ಸತ್ತ ಮೇಲೆ ಇದೇ ಬೊಗಸೆಯಲ್ಲಿ ಗದ್ದ ಊರಿ ಕೂತ. ಯಾವ ಮಗನೂ ಬೇಡ ಅನ್ನಲಿಲ್ಲ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಹೆಣದ ಫೋಟೋವನ್ನು ಅಳುತ್ತಳುತ್ತಲೇ ಮೊಮ್ಮಕ್ಕಳು ತೆಗೆದುಕೊಳ್ಳತೊಡಗಿದರು. ಸಿದ್ಧಾರೂಢ ಸ್ಟುಡಿಯೋ ಮುಚ್ಚಿ, ಅಂಗಡಿಯನ್ನು ಬೇಕರಿಯವರಿಗೆ ಬಾಡಿಗೆ ಕೊಟ್ಟ. ಹೋಗುವಾಗ ಸಾವಿನ ಕ್ಯಾಮೆರಾವನ್ನು ಚೀಲ, ಲೆನ್ಸು ಸಮೇತ ಸದಾಶಿವನ ಕೈಗಿಟ್ಟು, "ಇಟ್ಕೊ, ನಿನ್ನದ ಅದು" ಎಂದ. ಕ್ಯಾಮೆರಾ ಒಳ್ಳೆಯದೇ. ಇನ್ನೂ ಎಷ್ಟೋ ವರ್ಷ ದುಡಿಯುವ ಗಟ್ಟಿ ಮಾಲು. ಹೊಟ್ಟೆಪಾಡಿಗೆ ಕ್ಯಾಮೆರಾ ತೊಳೆಯುವ ಕೆಲಸ ಹಿಡಿದ ಸದಾಶಿವ ಅದನ್ನು ಮಗಳು ಸಪ್ನಾಳಿಗೆ ಕೊಟ್ಟ.

ಸಪ್ನಾ ಡಿಗ್ರಿ ಮುಗಿಸಿ, ಬೆಳಗಾವಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು ಬಂದಿದ್ದಳು. ಇನ್ನೊಬ್ಬರ ಹೆಸರಿನಲ್ಲಿ ಎಷ್ಟು ದಿನ ಹೊಡೆಯುವುದು, ಲಗ್ನದ ಫೋಟೋಗ್ರಾಫರ್ ಅಂದರೆ ಈ ಕಡೆಯ ಜನ ತನ್ನ ಹೆಸರು ಹೇಳಬೇಕು ಎಂಬ ಆಸೆ ಅವಳದು. ಮಗಳಿಗಿಂತ ಆ ಆಸೆ ಅಪ್ಪನಿಗೇ ಹೆಚ್ಚಿತ್ತು. ತನ್ನನ್ನು ಹಂದರದ ಒಳಗೆ ಬಿಡದ ಮನೆಗಳಲ್ಲಿ ಮಗಳು ಮದುಮಗಳ ಪಕ್ಕ ನಿಂತು "ನಗರಿ, ಇಲ್ಲಿ ನೋಡ್ರಿ" ಅನ್ನುವುದನ್ನು ಕಣ್ಣಾರೆ ನೋಡಬೇಕೆಂದು ಅವನ ಜೀವ ಹಪಹಪಿಸುತ್ತಿತ್ತು.

ಮೊದಲ ಕೆಲಸ ಕಿತ್ತೂರಲ್ಲಿ, ಒಂದು ಕೂಸಿನ ತೊಟ್ಟಿಲ ಕಾರ್ಯ. ಸಪ್ನಾ ತೊಟ್ಟಿಲ ಹತ್ತಿರ ಬಗ್ಗಿದ್ದೇ ತಡ, ಕೂಸಿನ ಅಜ್ಜಿ ಸೆರಗಿನಿಂದ ಕೂಸನ್ನು ಮುಚ್ಚಿ ಹಿಂದೆ ಎಳೆದುಕೊಂಡಳು. "ಏನವಾ ತಂಗಿ, ನಿನ್ನ ಮೈಯಾಗ ಹೆಣದ ಮನಿ ನಾತ ಹೊಡಿಯಾಕತ್ತೈತಿ" ಎಂದಳು. ಎಲ್ಲರೂ ಸಪ್ನಾಳ ಮುಖ ನೋಡಿದರು.

ಸಪ್ನಾ ಮನೆಗೆ ಬಂದು ಚೀಲವನ್ನು ಅಪ್ಪನ ಮುಂದೆ ಕುಕ್ಕಿದಳು. "ಊರ ಮಂದಿ ಕ್ಯಾಮೆರಾ ತೊಳಿತಿ. ಇದರ ನಾತ ನಿನಗ ಬಡದ ಇಲ್ಲೇನಪಾ?"

ಸದಾಶಿವ ಚೀಲ ತೆರೆದು ಮೂಗಿಗೆ ಹಿಡಿದ. ಏನೂ ಬಡಿಯಲಿಲ್ಲ. ಅವನ ಮೂಗು ಆ ನಾತಕ್ಕೆ ಎಂದೋ ಒಗ್ಗಿಹೋಗಿತ್ತು. ಹೆಂಡತಿ ಸೀತವ್ವನನ್ನು ಕರೆದ. ಸೀತವ್ವ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು, ಯಾವ ಕೊತ್ತಂಬರಿ ಕಟ್ಟಿನ ಒಳಗೆ ಕೊಳೆತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ. ಅವಳು ಒಮ್ಮೆ ಮೂಸಿ ಮುಖ ತಿರುಗಿಸಿದಳು.

"ಅಗದಿ ಹೆಣದ ಮನಿ. ಲೋಬಾನ, ಊದಬತ್ತಿ, ಬಾಡಿದ ಹೂವು, ಎಲ್ಲಾ ಐತಿ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಏನ ಹೇಳೂದು? ನೀ ಮನಿಗೆ ಬಂದಾಗೆಲ್ಲಾ ಇದ ನಾತ ಇತ್ತು. ಹೊಟ್ಟಿ ತುಂಬಸೂ ನಾತಕ್ಕ ಹೆಸರಿಡಾಕ ಆಕ್ಕೈತೇನು?"

ಸದಾಶಿವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಅಂದಿನಿಂದ ಬೇರೆಯವರ ಮಾಲನ್ನೆಲ್ಲ ಮೂಲೆಗಿಟ್ಟು ಆ ಕ್ಯಾಮೆರಾದ ಬೆನ್ನು ಹತ್ತಿದ. ಚೀಲವನ್ನೂ ಕೊರಳಪಟ್ಟಿಯನ್ನೂ ಸುಟ್ಟೇಬಿಟ್ಟ. ರಬ್ಬರು ಕಿತ್ತು ಹೊಸದು ತರಿಸಿದ. ಹಲ್ಲುಜ್ಜುವ ಬ್ರಷ್ಷಿನಿಂದ, ಟೂತ್‌ಪಿಕ್ಕಿಗೆ ಸುತ್ತಿದ ಹತ್ತಿಯಿಂದ, ಗುಂಡಿಗಳ ಸಂದಿಯಲ್ಲಿ ಕೂತ ವಿಭೂತಿಯನ್ನು ಎಳೆಎಳೆಯಾಗಿ ತೆಗೆದ. ಇದ್ದಿಲು ಬದಲಿಸಿದ, ಸೋಡಾ ಬದಲಿಸಿದ. ಸೀತವ್ವ ಪೇಟೆಯಿಂದ ಬಂದವಳೇ ಡಬ್ಬಿ ತೆರೆದು ಮೂಸಿ ವರದಿ ಒಪ್ಪಿಸುತ್ತಿದ್ದಳು. "ಊದಬತ್ತಿ ಹೋತು. ಹೂವಿಂದು ಐತಿ ಇನ್ನೂ." ಮತ್ತೊಂದು ದಿನ, "ಹೂವೂ ಹೋತು, ಲೋಬಾನ ಅಷ್ಟ ಕುಂತೈತಿ, ಭಾಳ ಹಟಮಾರಿ." ಕಡೆಗೊಂದು ದಿನ ಅವಳು ಕ್ಯಾಮೆರಾವನ್ನು ತಿರುವಿ ಮುರುವಿ ಮೂಸಿ, "ಏನೂ ಇಲ್ಲ. ತೊಳದಿಟ್ಟ ತಾಟ ಇದ್ದಂಗೈತಿ" ಎಂದಳು. ಸದಾಶಿವ ನಂಬದೆ ಮತ್ತೊಮ್ಮೆ ಮೂಸಿಸಿದ. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ತುಂಬಾ ಸಂತೋಷವಾಗಿತ್ತು ಅವನಿಗೆ.

ಅಷ್ಟರಲ್ಲಿ ಸಪ್ನಾಳ ಕಾಲೇಜಿನ ಗೆಳತಿ ಭಾಗೀರಥಿಯ ಲಗ್ನ ಗೊತ್ತಾಯಿತು. ಮನೋಳಿಯ ಒಕ್ಕಲುತನದ ದೊಡ್ಡ ಮನೆ. "ಫೋಟೋ ಸಪ್ನಾನ ಹೊಡಿಬೇಕು, ಗಂಡಸರು ಬಂದು ಮುಂದ ನಿಂತ್ರ ನನಗ ನಗಾಕ ಬರೂದಿಲ್ಲ" ಎಂದು ಭಾಗೀರಥಿ ಅಪ್ಪನ ಮುಂದೆ ಹಟ ಹಿಡಿದಿದ್ದಳು. ಅಪ್ಪ ಭೀಮಶಿ ಒಪ್ಪಿದ್ದ. ಸಪ್ನಾಳ ಸ್ವಂತ ಹೆಸರಿನ ಮೊದಲ ಲಗ್ನ. ಇದೊಂದು ಸರಿಯಾಗಿ ನಡೆದರೆ ಸವದತ್ತಿ ಸೀಮೆಯೆಲ್ಲ ಅವಳ ಹೆಸರು ಹೇಳುತ್ತದೆ, ಇದು ಕೆಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ. ಲೈಟು ಹಿಡಿಯಲು ಒಬ್ಬರು ಬೇಕಿತ್ತು. ಸದಾಶಿವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾನೇ ಹೊರಟ.

ಮನೋಳಿಯ ಮನೆಯ ಪಡಸಾಲೆಗೆ ಕಾಲಿಟ್ಟವನೇ ಎದುರಿನ ಗೋಡೆ ನೋಡಿ ನಿಂತುಬಿಟ್ಟ. ಕಟ್ಟು ಹಾಕಿಸಿದ ದೊಡ್ಡ ಫೋಟೋದಲ್ಲಿ ರುಮಾಲು ಸುತ್ತಿದ ಮುದುಕ ಕೂತಿದ್ದ. ತೆರೆಸಿದ ಕಣ್ಣುಗಳಲ್ಲಿ ಒಂದು ತುಸು ಓರೆ, ಅದು ಸಿದ್ಧಾರೂಢನ ಕಂಪ್ಯೂಟರಿನ ಕೆಲಸ. ಕೆಳಗೆ ಹಣಮಂತಪ್ಪ ಎಂಬ ಹೆಸರು. ಆ ಗದ್ದವನ್ನು ಇವನ ಕೈ ಮರೆತಿರಲಿಲ್ಲ. ಆಗ ಮುದುಕನನ್ನು ಕೂಡಿಸಿದ್ದು ಹೊಲದ ಮನೆಯಲ್ಲಿ, ಹಾಗಾಗಿ ಊರೊಳಗಿನ ಈ ಮನೆಯ ಗುರುತು ಹತ್ತಿರಲಿಲ್ಲ.

ಓಡಿಹೋಗಿಬಿಡೋಣ ಅನ್ನಿಸಿತು. "ಅಪ್ಪಾ, ಲೈಟ್ ಇತ್ತಾಗ ಹಿಡಿ" ಎಂದು ಸಪ್ನಾ ಕೂಗಿದಳು. ಕೊರಳಿನ ಟವೆಲನ್ನು ಬಾಯಿಯವರೆಗೆ ಎಳೆದುಕೊಂಡು, ಧೂಳಿಗೆ ಹೆದರಿದವನಂತೆ ನಟಿಸುತ್ತ ಹೋಗಿ ನಿಂತ. ಮುಖ ಮುಚ್ಚಿಕೊಂಡವನನ್ನು ಜನ ಹೆಚ್ಚು ನೋಡುತ್ತಾರೆ ಎಂಬುದು ಪಾಪ ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ.

ಅಂಗಳದಲ್ಲಿ ಸುರಗಿ ನಡೆದಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮಣೆಯ ಮೇಲೆ ಭಾಗೀರಥಿಯನ್ನು ಕೂಡಿಸಿ ಹಾಡು ಹೇಳುತ್ತ ಅರಿಷಿಣ ಹಚ್ಚುತ್ತಿದ್ದರು. ಸಪ್ನಾ ಹೆಣ್ಣುಮಕ್ಕಳ ನಡುವೆ ನುಸುಳಿ ಹೊಡೆದಳು, ಬಗ್ಗಿ ಹೊಡೆದಳು, ಎಲ್ಲರನ್ನೂ ನಗಿಸಿ ಹೊಡೆದಳು. ಯಾರೂ ಮೂಗು ಮುರಿಯಲಿಲ್ಲ. ಸದಾಶಿವನಿಗೆ ಗೋಡೆಯ ಫೋಟೋವೇ ಮರೆತುಹೋಯಿತು. ನೋಡಬೇಕೆಂದಿದ್ದನ್ನು ಅವನು ನೋಡುತ್ತಿದ್ದ.

ಆಗ ಕೋಲೂರಿಕೊಂಡು ಭಾಗೀರಥಿಯ ಅಜ್ಜಿ ಶಟ್ಟೆವ್ವ ಬಂದಳು. ಮೊಮ್ಮಗಳ ಹತ್ತಿರ ಕೂಡಲು ಹೊರಟವಳು ಲೈಟು ಹಿಡಿದವನ ಮುಂದೆ ನಿಂತು ಅವನ ಕಣ್ಣುಗಳನ್ನೇ ದಿಟ್ಟಿಸಿದಳು.

"ಯಪ್ಪಾ, ನೀ ಹೊಂಗಲದ ಫೋಟೋದಾಂವ ಅಲ್ಲೇನು? ನಮ್ಮ ಮನಿಯವರು ಹೋದಾಗ ಬಂದಿದ್ದಿ."

ಮುದುಕಿ ಕೋಲನ್ನು ಬಗಲಿಗೆ ಇಟ್ಟು ಅವನ ಎರಡೂ ಕೈ ಹಿಡಿದಳು.

"ನಾ ಮರತಿಲ್ಲೋ ತಮ್ಮಾ. ಅವರ ಕುತ್ತಿಗಿ ನಿಲ್ಲಾಕ ಒಲ್ಲದು. ಮಕ್ಕಳೆಲ್ಲಾ ದೂರ ಸರದು ನಿಂತ್ರು. ನೀ ಒಬ್ಬನ ಬಂದು ಗದ್ದ ಹಿಡದು ಕುಂದರಿಸಿದಿ. ಹೊಟ್ಟೀಲೆ ಹುಟ್ಟಿದ ಮಗಾ ಮಾಡಲಿಲ್ಲ ಅದನ್ನ. ಈ ಕೈಗೆ ಪುಣ್ಯ ಐತಿ."

ಎಂದವಳೇ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಇಡೀ ಬದುಕಿನಲ್ಲಿ ಸದಾಶಿವನಿಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಆಡಬಾರದ ಹೊತ್ತಿನಲ್ಲಿ, ಆಡಬಾರದ ಜಾಗದಲ್ಲಿ, ಎಲ್ಲರಿಗೂ ಕೇಳುವಂತೆ ಆ ತಾಯಿ ಆಡಿಬಿಟ್ಟಳು.

ಹಾಡು ನಿಂತಿತು. "ಅಯ್ಯ ಶಿವನ, ಸುರಗಿ ಹೊತ್ತಿನ್ಯಾಗ ಹೆಣದ ಫೋಟೋದಾಂವಾ?" ಎಂದು ಯಾರೋ ಉಸುರಿದರು. ಮದುಮಗಳ ಅತ್ತೆಯೊಬ್ಬಳು ಎದ್ದು ಭಾಗೀರಥಿಯ ತಲೆಯ ಮೇಲೆ ಸೆರಗು ಎಳೆದಳು. ಭೀಮಶಿ ಬಂದ. ತಾಯಿ ಎಲ್ಲರೆದುರು ಆಡಿದ ಮಾತು ಅವನಿಗೂ ನಾಟಿತ್ತು, ಮುಖ ಕಪ್ಪಿಟ್ಟಿತ್ತು. ಸದಾಶಿವನನ್ನೂ ಸಪ್ನಾಳನ್ನೂ ದನದ ಕೊಟ್ಟಿಗೆಯ ಕಡೆಗೆ ಕರೆದೊಯ್ದ.

"ಖರೆ ಹೇಳ್ರಿ. ಇದು ಅದ ಕ್ಯಾಮೆರಾ ಏನು?"

"ಅಲ್ರಿ" ಎಂದ ಸದಾಶಿವ. "ಅದನ್ನ ಸಾಹುಕಾರರು ಮಾರಿಬಿಟ್ರು."

"ಇಲ್ಲಿ ಕೊಡ ತಂಗಿ. ಅವತ್ತು ಆ ಚೀಲ ನಾನ ಹಿಡದಿದ್ದೆ. ಆ ನಾತ ನನಗಿನ್ನೂ ನೆನಪೈತಿ."

ಸಪ್ನಾ ಕೊಟ್ಟಳು. ಭೀಮಶಿ ಕ್ಯಾಮೆರಾವನ್ನು ಮೂಗಿಗೆ ಹಿಡಿದ. ಮುಂದೆ ಮೂಸಿದ, ಹಿಂದೆ ಮೂಸಿದ, ಹೊಸ ಕೊರಳಪಟ್ಟಿಯನ್ನೂ ಮೂಸಿದ. ಖರೀದಿಗೆ ನಿಂತ ಎತ್ತಿನ ಹಲ್ಲು ನೋಡುವಷ್ಟು ಶ್ರದ್ಧೆ.

"ಇಲ್ಲ. ಇದು ಅದಲ್ಲ" ಎಂದು ಭೀಮಶಿ ಕ್ಯಾಮೆರಾ ಮರಳಿಸಿದ. ದನಿ ಮೆತ್ತಗಾಯಿತು. "ತಪ್ಪ ತಿಳಕೋಬ್ಯಾಡ್ರಿ. ಹುಡುಗಿ ಇರಲಿ, ನಮ್ಮ ಭಾಗವ್ವನ ಗೆಳತಿ ಐತಿ. ನೀವು ಮಾತ್ರ ಹೊಂಡ್ರಿ. ಮಂಗಳ ಕಾರ್ಯ, ಹೆಣ್ಣಮಕ್ಕಳು ಕೇಳೂದಿಲ್ಲ. ಹಿತ್ತಲ ಬಾಗಲ ತಗದೈತಿ."

ಸ್ಕ್ರೂ ಬಿಚ್ಚಿ ತೆರೆಯಬಹುದಾದದ್ದನ್ನೆಲ್ಲ ಸದಾಶಿವ ತೊಳೆದಿದ್ದ. ತನ್ನನ್ನು ಎಲ್ಲಿ ಬಿಚ್ಚುವುದು? ಮಗಳ ಮುಖ ನೋಡಿದ. ಅವಳು ಕ್ಯಾಮೆರಾವನ್ನು ಹೆಗಲಿಗೇರಿಸಿ "ನಡಿ ಅಪ್ಪಾ, ಇಬ್ಬರೂ ಹೋಗೂಣು" ಅನ್ನಲಿ ಎಂದು ಅವನ ಜೀವ ಬಯಸಿತು. ಎಲ್ಲಿ ಹಾಗೆ ಅಂದುಬಿಡುತ್ತಾಳೋ ಎಂದು ಹೆದರಿಕೆಯೂ ಆಯಿತು.

ಸಪ್ನಾ ಕ್ಯಾಮೆರಾದ ಪರದೆಯಲ್ಲಿ ಹಿಂದಿನ ಫೋಟೋಗಳನ್ನು ಸರಿಸುತ್ತಿದ್ದಳು. ತಲೆ ಎತ್ತದೆ, "ಲೈಟ್ ಸ್ಟ್ಯಾಂಡಿಗೆ ಹಾಕಿ ನೀ ನಡಿ ಅಪ್ಪಾ. ಬಸ್ಸಿನ ಹೊತ್ತಾಗೇತಿ" ಎಂದಳು.

ಶಟ್ಟೆವ್ವನಿಗೆ ಏನಾಯಿತೆಂದೇ ತಿಳಿದಿರಲಿಲ್ಲ. "ಆ ತಮ್ಮಗ ಉಣ್ಣಾಕ ಹಾಕ್ರೆ" ಎಂದು ಒಳಗಿನಿಂದ ಕೂಗುತ್ತಲೇ ಇದ್ದಳು. ಯಾರೋ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ತಂದು ಕೈಗಿಟ್ಟರು. ಅದರಲ್ಲಿ ಹೋಳಿಗೆ ಇದ್ದವು. ಎಸೆಯಬೇಕೆಂದುಕೊಂಡೇ ಬಸ್ ನಿಲ್ದಾಣದವರೆಗೆ ನಡೆದ. ಬಸ್ಸು ಬರಲಿಲ್ಲ, ಹಸಿವು ತಡೆಯಲಾಗಲಿಲ್ಲ. ಕೂತು ತಿಂದ. ತಿನ್ನುವಾಗ ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಭಾಗೀರಥಿಯ ಫೋಟೋಗಳು ಎಲ್ಲರ ಮೊಬೈಲಿನಲ್ಲಿ ಓಡಾಡಿದವು. ಕೆಲಸ ಚೆನ್ನಾಗಿತ್ತು, ಅದನ್ನು ಯಾರೂ ಇಲ್ಲ ಅನ್ನುವ ಹಾಗಿರಲಿಲ್ಲ. ಸವದತ್ತಿಯಿಂದ, ಮುರಗೋಡದಿಂದ ಫೋನು ಬರತೊಡಗಿದವು. ಸಪ್ನಾ ಒಬ್ಬಳೇ ಹೋಗಿ ಬರುತ್ತಿದ್ದಳು. ಮನೋಳಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಫೋಟೋ ಹೋದಲ್ಲೆಲ್ಲ ಅವಳಪ್ಪ ಹೆಣದ ಫೋಟೋದವನೆಂಬ ಸುದ್ದಿಯೂ ಹಿಂದೆಯೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಕಟಕೋಳದವರು ಯಾರೋ ಫೋನು ಮಾಡಿದರು. ಸಪ್ನಾ ನಡುಮನೆಯಲ್ಲಿ ಮಾತಾಡುತ್ತಿದ್ದಳು. ಸದಾಶಿವ ಹೊರಗಿನ ಕೋಣೆಯಲ್ಲಿ ಒಂದು ಲೆನ್ಸು ಒರೆಸುತ್ತ ಕೂತಿದ್ದ. ಅಪ್ಪ ಪೇಟೆಗೆ ಹೋಗಿದ್ದಾನೆ ಎಂದೇ ಅವಳು ತಿಳಿದಿದ್ದಳು.

"ಹೌದ್ರಿ, ಮನೋಳಿಯೊಳಗ ಹೊಡದಾಕಿ ನಾನ... ಇಲ್ರಿ, ಯಾರೂ ಬರೂದಿಲ್ಲ, ನಾ ಒಬ್ಬಾಕೆನ ಬರತೇನಿ... ಯಾರ್ರಿ, ನಮ್ಮಪ್ಪ?"

ಸದಾಶಿವ ಒರೆಸುವುದನ್ನು ಬಿಟ್ಟು ಕಿವಿಗೊಟ್ಟ.

"ನಮ್ಮಪ್ಪ ತೀರಿಕೊಂಡಾರ್ರಿ."

ಅಡುಗೆಮನೆಯಿಂದ ಸೀತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ನಿನ್ನ ಬಾಯಾಗ ಹುಳ ಬೀಳಲಿ! ನನ್ನ ಹಣಿ ಕುಂಕುಮ ಅಳಸಾಕ ನೀ ಯಾವಾಕಿ?" ಎಂದು ಮಗಳ ಬೆನ್ನಿಗೆ ಗುದ್ದಿದಳು.

"ಮತ್ತೇನ್ ಹೇಳಬೇಕಿತ್ತಬೇ? ಇದ್ದಾನ ಅಂದ್ರ ಫೋನ್ ಇಡ್ತಾರ!" ಸಪ್ನಾ ಚೀರಿ ಅತ್ತಳು. ಅಳುತ್ತ ತಿರುಗಿದವಳಿಗೆ ಬಾಗಿಲಲ್ಲಿ ನಿಂತ ಅಪ್ಪ ಕಂಡ. ಅಳು ಅಲ್ಲಿಗೇ ನಿಂತಿತು.

ಸದಾಶಿವನಿಗೆ ಸಿಟ್ಟು ಬಂದಿತ್ತು. ಮಗಳ ಮೇಲೋ, ಕಟಕೋಳದವರ ಮೇಲೋ, ಮನೋಳಿಯ ಮೇಲೋ ಅವನಿಗೇ ಬಗೆಹರಿಯಲಿಲ್ಲ. ಲೆನ್ಸಿನ ಮುಚ್ಚಳ ಹಾಕಿ ಗೂಡಿನಲ್ಲಿಟ್ಟ.

"ಕೆಲಸ ಗೊತ್ತ ಮಾಡಿದ್ರ, ಇಲ್ಲಾ?" ಎಂದು ಕೇಳಿದ.

"ಮಾಡಿದ್ರು" ಎಂದಳು ಸಪ್ನಾ, ಕೇಳಿಸೀ ಕೇಳಿಸದಂತೆ.

"ಮುಂದ ಹೋದಾಗ ಮಂದಿ ಕೇಳತಾರ, ಏನಾಗಿ ಹೋದ್ರು ಅಂತ. ಆಗ ತಡವರಿಸಬ್ಯಾಡ." ಸದಾಶಿವ ಕೈಯ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿದ. "ಹಾರ್ಟ್ ಅಟ್ಯಾಕ್ ಅನ್ನು. ಅದಕ್ಕ ಯಾರೂ ಮುಂದ ಏನೂ ಕೇಳೂದಿಲ್ಲ."